ಕೇರೆ ಮರಿಯ ಮೊದಲ ತುತ್ತು

ಮರಿ ಇವತ್ತೂ ಬಾಯಿ ಬಿಡಲಿಲ್ಲ.

ನಾನು ಗಾಜಿನ ಪೆಟ್ಟಿಗೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆ. ಉದ್ದನೆಯ ಚಿಮಟದ ತುದಿಯಲ್ಲಿ ಇನ್ನೂ ಕಣ್ಣು ಬಿಡದ ಬಿಳಿ ಇಲಿಯ ಮರಿ ಇತ್ತು. ಫ್ರಿಜ್ಜಿನಿಂದ ತೆಗೆದು, ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿದ್ದು. ಕೇರೆ ಹಾವಿನ ಮರಿ ತಲೆ ಎತ್ತಿತು. ನಾಲಿಗೆ ಚಾಚಿ ಗಾಳಿಯಲ್ಲಿನ ವಾಸನೆ ಹಿಡಿಯಿತು. ನಿಧಾನವಾಗಿ ಮೂತಿಯನ್ನು ಇಲಿಯ ಹತ್ತಿರಕ್ಕೆ ತಂದಿತು. ಇನ್ನೇನು ಹಿಡಿದೇಬಿಟ್ಟಿತು ಅನ್ನುವಷ್ಟರಲ್ಲಿ, ಯಾರೋ ಗದರಿಸಿದ ಹಾಗೆ ತಲೆ ಹಿಂದಕ್ಕೆ ಎಳೆದುಕೊಂಡು ಹೆಂಚಿನ ಚೂರಿನ ಕೆಳಗೆ ನುಸುಳಿಕೊಂಡಿತು.

"ನಾಳೆ ಮಧ್ಯಾಹ್ನ ನಳಿಕೆ ಹಾಕೋಣ, ಚಂದ್ರಕಲಾ," ಅಂದರು ಹಿಂದೆ ನಿಂತಿದ್ದ ಜುಬೇದಾ ಮೇಡಂ. ನಮ್ಮ ಉರಗಪಾಲನ ಕೇಂದ್ರದ ನಿರ್ದೇಶಕಿ.

"ಇನ್ನೆರಡು ದಿನ ಕೊಡಿ ಮೇಡಂ."

"ಎರಡು ದಿನ ಕೊಟ್ಟರೆ ನಳಿಕೆ ಹಾಕೋಕೂ ಮರಿ ಇರಲ್ಲ. ತೂಕ ನೀವೇ ನೋಡಿದೀರಿ."

ಅವರ ಮೇಲೆ ಸಿಟ್ಟು ಬಂತು, ಆದರೆ ಅವರ ಮಾತು ಸುಳ್ಳಾಗಿರಲಿಲ್ಲ. ಮರಿಯ ಬೆನ್ನೆಲುಬು ಚರ್ಮದ ಮೇಲೆ ಗೆರೆಯಾಗಿ ಎದ್ದು ಕಾಣುತ್ತಿತ್ತು. ನಳಿಕೆ ಅಂದರೆ ಮರಿಯ ಬಾಯಿ ಬಲವಂತವಾಗಿ ತೆರೆದು, ಗಂಟಲಿಗೆ ಸಣ್ಣ ಕೊಳವೆ ಇಳಿಸಿ ಅರೆದ ಮಾಂಸ ತುಂಬುವುದು. ಇದರ ಒಡಹುಟ್ಟಿದ ಎರಡು ಮರಿಗಳಿಗೆ ಹಾಗೆ ಮಾಡಿದ್ದೆವು. ಎರಡೂ ಸತ್ತವು. ಒಂದಂತೂ ನನ್ನ ಅಂಗೈಯಲ್ಲೇ ಸತ್ತಿತು.

ಇನ್ನು ಉಳಿದಿದ್ದು ಇದೊಂದೇ. ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ದುರ್ಗದ ಪಾಡು ಹೇಳಬೇಕು. ಹಾವುಗಳ ಚರ್ಮಕ್ಕೆ ಒಂದು ಬೂಷ್ಟುರೋಗ ಹತ್ತಿ, ಕೆಲವೇ ವರ್ಷಗಳಲ್ಲಿ ಸೀಮೆಯ ಹಾವೆಲ್ಲ ಸತ್ತವು. ಒಂದು ಪೀಡೆ ತೊಲಗಿತು ಅಂದುಕೊಂಡ ಜನವೇ ಹೆಚ್ಚು. ಆಮೇಲೆ ಇಲಿಗಳು ಬಂದವು. ಯಾವ ಪಾಷಾಣಕ್ಕೂ ಅವು ಜಗ್ಗಲಿಲ್ಲ. ಪಾಷಾಣ ಬೆರೆಸಿದ ಹಿಟ್ಟನ್ನು ತಿಂದು ಇನ್ನಷ್ಟು ಕೊಬ್ಬಿದವು. ಅವುಗಳ ಹಿಂದೆಯೇ ಇಲಿಜ್ವರ ಬಂತು. ನಮ್ಮ ಓಣಿಯಲ್ಲಿ ಜ್ವರ ಹೊಕ್ಕದ ಮನೆ ಇಲ್ಲ. ನಮ್ಮ ಮಾವ ರುದ್ರಪ್ಪನವರು ಹೋದ ಮಳೆಗಾಲದಲ್ಲಿ ಹಾಸಿಗೆ ಹಿಡಿದವರು ಏಳಲೇ ಇಲ್ಲ.

ಆ ಹೊತ್ತಿಗೆ ಬೆಟ್ಟದ ಬಂಡೆಯ ಸಂದಿಯಲ್ಲಿ ಕೇರೆ ಹಾವಿನ ಮೊಟ್ಟೆಗಳು ಸಿಕ್ಕಿದವು. ಬೂಷ್ಟು ಅಂಟದ ತಳಿ ಅಂತ ಪರೀಕ್ಷೆಯಲ್ಲಿ ತಿಳಿದಾಗ ಜುಬೇದಾ ಮೇಡಂ ಅತ್ತುಬಿಟ್ಟರು. ಮೊಟ್ಟೆಗಳಲ್ಲಿ ಮೂರು ಮಾತ್ರ ಒಡೆದವು. ಮರಿ ಬದುಕಿದರೆ, ದೊಡ್ಡದಾದ ಮೇಲೆ ಹೊರಸೀಮೆಯ ಕೇರೆಯ ಜೊತೆ ಕೂಡಿಸಿ ತಳಿ ಉಳಿಸಬಹುದು. ಓಣಿಗೊಂದು, ಆಮೇಲೆ ಮನೆಗೊಂದು ಕೇರೆ ಸಾಕಬಹುದು. ಕೇರೆಗೆ ವಿಷವಿಲ್ಲ, ಇಲಿಗೆ ಅದಕ್ಕಿಂತ ದೊಡ್ಡ ಯಮನೂ ಇಲ್ಲ.

ತೊಡಕು ಇದ್ದದ್ದು ಒಂದೇ. ಜನ ಕಂಡರೆ ಹಾವು ಓಡುತ್ತದೆ, ಹಾವು ಕಂಡರೆ ಜನ ಕೋಲು ಹುಡುಕುತ್ತಾರೆ. ಅದಕ್ಕೇ ನಾವು ಜೊತೆಪಟ್ಟಿ ಮಾಡಿದ್ದು. ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ಪನ್ನು ಮರಿಯ ತಲೆಯ ಹಿಂದೆ ಚರ್ಮದಡಿ ಇಡುತ್ತೇವೆ. ಮನೆಯ ಒಬ್ಬರು ಹಣೆಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅವರ ಮನಸ್ಸಿನ ಸಮಾಧಾನ ಹಾವಿಗೆ ತಲುಪುತ್ತದೆ, ಹಾವಿನ ಹಸಿವು ಅವರಿಗೆ ತಿಳಿಯುತ್ತದೆ. ಎಷ್ಟು ದೂರವಿದ್ದರೂ ಸರಿ, ಮೊಬೈಲ್ ಗೋಪುರ ಇದ್ದರೆ ಸಾಕು. ಸಮಾಧಾನ ಈ ಕಡೆಯಿಂದ ಆ ಕಡೆಗೆ, ಹಸಿವು ಆ ಕಡೆಯಿಂದ ಈ ಕಡೆಗೆ, ಅಷ್ಟೇ ಹಾಯಬೇಕು, ಬೇರೇನೂ ಹಾಯಬಾರದು ಅಂತ ನಾವು ಕಟ್ಟಿದ ಲೆಕ್ಕ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ಪಟ್ಟಿ ತಯಾರಾಗಿದ್ದು ಒಂದೇ. ಕಟ್ಟಿಕೊಳ್ಳಲು ಊರಿಗೆ ಊರೇ ಹಿಂಜರಿಯಿತು. ಕೊನೆಗೆ ಮುಂದೆ ಬಂದವರು ನಮ್ಮ ಅತ್ತೆ ತಿಪ್ಪಮ್ಮ.

"ಹಾವು ನನ್ನ ತಲೆಯೊಳಗೆ ಬರುತ್ತೆ, ಅಷ್ಟೇ ತಾನೆ?" ಅಂದಿದ್ದರು. "ಸೊಸೆನೇ ಬಂದು ಕೂತವ್ಳೆ. ಹಾವು ಬಂದ್ರೆ ಏನಂತೆ."

ಪಟ್ಟಿ ಇಲ್ಲದ ಎರಡು ಮರಿಗಳು ನಮ್ಮನ್ನು ಕಂಡು ಹೆದರಿ ತಿನ್ನಲಿಲ್ಲ, ನಳಿಕೆಗೆ ಬಲಿಯಾದವು. ಪಟ್ಟಿ ಇದ್ದ ಮರಿ ಹೆದರಲಿಲ್ಲ. ನನ್ನ ಕೈಮೇಲೆ ಹರಿದಾಡುತ್ತಿತ್ತು. ತಿನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿತ್ತು. ಇಲಿಮರಿಗೆ ಹಲ್ಲಿಯ ವಾಸನೆ ಸವರಿದೆ, ಕಪ್ಪೆಯ ಲೋಳೆ ಸವರಿದೆ. ಕತ್ತಲಲ್ಲಿ ಸಣ್ಣ ಡಬ್ಬಿಯೊಳಗೆ ಇಲಿಯ ಜೊತೆ ಬಿಟ್ಟು ಬಾಗಿಲೆಳೆದುಕೊಂಡು ಹೋದೆ. ಕಾವು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಪ್ರತಿ ಸಲವೂ ಇಲಿಯ ಹತ್ತಿರ ಬರುವುದು, ಹಿಂದಕ್ಕೆ ಸರಿಯುವುದು.

ಪ್ರತಿದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅತ್ತೆ ಬುತ್ತಿ ಕೊಟ್ಟು, ಹಣೆಯ ಪಟ್ಟಿ ಸರಿಮಾಡಿಕೊಂಡು ಕೇಳುತ್ತಿದ್ದರು:

"ಇವತ್ತಾದ್ರೂ ತಿಂತದಾ?"

"ನೋಡೋಣ ಅತ್ತೆ."

"ಹೊಟ್ಟೆ ಹಸಿದು ಸುಡ್ತಾ ಐತೆ ಅದಕ್ಕೆ. ನಂಗೆ ಗೊತ್ತಾಗ್ತದೆ. ಮತ್ತೆ ಯಾಕೆ ಮುಟ್ಟಲ್ಲ ಅಂತದೆ?"

ನಾನು ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದೆ. ಬುತ್ತಿಯಲ್ಲಿ ಯಾವಾಗಲೂ ಎರಡು ರಾಗಿ ಮುದ್ದೆ, ಕಾಳಿನ ಸಾರು. ನಾನು ಅನ್ನ ತಿನ್ನುವ ಸೀಮೆಯಿಂದ ಬಂದವಳು, ಮದುವೆಯಾದ ಹೊಸತರಲ್ಲಿ ಮುದ್ದೆಯನ್ನು ಅಗಿಯುತ್ತಿದ್ದೆ. ಅತ್ತೆಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. "ಮುದ್ದೆ ಅಗಿಯೋದಲ್ಲ ಕಣಮ್ಮ, ನುಂಗೋದು. ಹಲ್ಲಿಗೆ ತೋರಿಸ್ಬ್ಯಾಡ," ಅಂತ ಓಣಿಗೆಲ್ಲ ಕೇಳುವ ಹಾಗೆ ಪಾಠ ಮಾಡಿದ್ದರು.

ನಳಿಕೆಯ ಮಾತು ಬಂದ ಆ ದಿನ ಸಂಜೆ ನಾನು ಮನೆಗೆ ಹೋಗಲಿಲ್ಲ. ನಿಯಂತ್ರಣ ಕೋಣೆಯಲ್ಲಿ ಮರಿಯ ಹಸಿವಿನ ಗೆರೆಯನ್ನು ಪರದೆಯ ಮೇಲೆ ಹರಡಿಕೊಂಡು ಕೂತೆ. ಹಸಿರು ಗೆರೆ ಏರುತ್ತಾ ಹೋಗುತ್ತಿತ್ತು, ಅಂದರೆ ಹಸಿವಿತ್ತು. ಆದರೆ ಮೇಲಕ್ಕೆ ಹೋದ ಗೆರೆಯನ್ನು ಏನೋ ಒಂದು ಅದುಮಿ ಹಿಡಿದಿತ್ತು. ದಿನವೂ ಮಧ್ಯಾಹ್ನ ಒಮ್ಮೆ, ಮುಸ್ಸಂಜೆ ಒಮ್ಮೆ, ಆ ಅದುಮು ಇನ್ನೂ ಬಿಗಿಯಾಗಿ ಗೆರೆ ಹಳ್ಳಕ್ಕೆ ಬೀಳುತ್ತಿತ್ತು. ಹಿಂದಿನ ದಿನ ನೋಡಿದೆ, ಅದರ ಹಿಂದಿನ ದಿನ ನೋಡಿದೆ. ಅದೇ ಹಳ್ಳ.

ಜನರೇಟರ್ ಸದ್ದಿಗೆ ಇರಬಹುದೇ? ಕಸ ಗುಡಿಸುವವರ ಹೆಜ್ಜೆಗೆ ಇರಬಹುದೇ? ತಲೆ ಕೆರೆದುಕೊಳ್ಳುತ್ತಿದ್ದಾಗ ಫೋನ್ ಬಂತು. ನನ್ನ ಗಂಡ ಪಾಲಾಕ್ಷ.

"ಬರ್ತೀಯೋ ಇಲ್ವೋ? ನಾನು ಊಟಕ್ಕೆ ಕೂತೆ. ಅಮ್ಮ ಬಡಿಸ್ತಿದಾರೆ."

ಫೋನಿನಲ್ಲಿ ತಟ್ಟೆಗೆ ಸೌಟು ತಾಗಿದ ಸದ್ದು ಕೇಳಿಸಿತು. ಅದೇ ಹೊತ್ತಿಗೆ ನನ್ನ ಕಣ್ಣೆದುರು ಹಸಿರು ಗೆರೆ ದಡಕ್ಕನೆ ಕೆಳಗಿಳಿಯಿತು.

"ಪಾಲಾಕ್ಷ, ಅತ್ತೆ ಊಟಕ್ಕೆ ಕೂತಿದಾರಾ?"

"ಅಮ್ಮ ಯಾವತ್ತು ನಮ್ಮ ಜೊತೆ ಕೂತಿದಾರೆ? ಎಲ್ಲರದ್ದೂ ಆದ್ಮೇಲೆ ಒಳಗೆ ತಿಂತಾರಪ್ಪ."

"ತಿನ್ನೋದನ್ನ ನೀನು ನೋಡಿದೀಯಾ?"

ನೋಡಿರಲಿಲ್ಲ. ಬಡಿಸಿದವರು ಕೊನೆಗೆ ಅಡುಗೆಮನೆಯಲ್ಲಿ ಉಣ್ಣುವುದು ನಮ್ಮ ಮನೆಯ ಪದ್ಧತಿ. ಅವರು ಉಂಡರೋ ಬಿಟ್ಟರೋ ನೋಡುವುದು ಯಾರ ಪದ್ಧತಿಯೂ ಅಲ್ಲ. ನಾಚಿಕೆಯಾಯಿತು. ಗಾಡಿ ತೆಗೆದುಕೊಂಡು ಮನೆಗೆ ಓಡಿದೆ.

ಅತ್ತೆ ಪಾತ್ರೆ ತೊಳೆಯುತ್ತಿದ್ದರು. ಗೂಡಿನಲ್ಲಿ ಅವರ ಅಂಚಿನ ತಟ್ಟೆ ಒಣಗಿಕೊಂಡು ನಿಂತಿತ್ತು.

"ನಿಮ್ಮ ಊಟ ಆಯ್ತಾ ಅತ್ತೆ?"

"ಆಯ್ತು ಕಣಮ್ಮ. ನಿಂಗೆ ಹಾಕ್ಲಾ?"

"ತಟ್ಟೆ ನೆನೆದೇ ಇಲ್ಲ. ಅಂಗೈಯಲ್ಲಿ ಉಂಡ್ರಾ?"

ಅವರು ಮುಖ ಪಕ್ಕಕ್ಕೆ ತಿರುಗಿಸಿದರು. ಮುಖದ ಮೇಲೆ ಮೂಳೆ ಎದ್ದಿದ್ದು ಆಗ ನನ್ನ ಕಣ್ಣಿಗೆ ಬಿತ್ತು. ಹಾವಿನ ಮರಿಯ ತೂಕ ದಿನಾ ನೋಡಿದವಳು ಎದುರಿಗಿದ್ದ ಅತ್ತೆಯನ್ನು ನೋಡಿರಲಿಲ್ಲ. ಕೈ ಹಿಡಿದು ಬಳೆ ಸರಿಸಿದೆ. ಬಳೆಗಳ ಹಿಂದೆ ಅರಿಶಿನದ ದಾರ, ಅದಕ್ಕೆ ಕಟ್ಟಿದ ಅರಿಶಿನದ ಕೊಂಬು.

"ಯಾವ ಹರಕೆ ಇದು?"

"ಬಿಡು ಕಲಾ. ನಿಮ್ಮ ಲ್ಯಾಬಿಗೆ ಇದೆಲ್ಲ ಯಾಕೆ."

"ಹೇಳಿ ಅತ್ತೆ."

"ಮರಿ ತುತ್ತು ಮುಟ್ಟೋವರೆಗೆ ನಾನೂ ಊಟ ಮುಟ್ಟಲ್ಲ ಅಂತ ಹುತ್ತದ ಮುಂದೆ ಕಟ್ಕಂಡೆ. ಹಾಲು, ಬಾಳೆಹಣ್ಣು ತಗೊಂತೀನಿ. ಸಾಯಲ್ಲ ನಾನು."

"ಯಾವಾಗ ಕಟ್ಟಿದ್ರಿ?"

"ಹುಟ್ಟಿ ವಾರವಾದ್ರೂ ತಿನ್ನಲಿಲ್ವಲ್ಲ, ಆಗ."

"ಮೊದಲ ಪೊರೆ ಬಿಡೋವರೆಗೆ ಯಾವ ಹಾವಿನ ಮರಿಯೂ ತಿನ್ನಲ್ಲ ಅತ್ತೆ. ಮೊಟ್ಟೆಯ ಹಳದಿ ಇನ್ನೂ ಹೊಟ್ಟೆಯಲ್ಲಿ ಇರುತ್ತೆ. ಅದು ಉಪವಾಸ ಅಲ್ಲ."

"ಹಂಗಂತ ನಂಗೆ ಹೇಳಿದ್ಯಾ ನೀನು?"

ಹೇಳಿರಲಿಲ್ಲ. ಪಾಲಾಕ್ಷ ಬಾಗಿಲಲ್ಲಿ ಬಂದು ನಿಂತಿದ್ದ. ಇಬ್ಬರಿಗೂ ಕೇಳುವ ಹಾಗೆ ಹೇಳಿದೆ: ಪಟ್ಟಿ ನಮ್ಮ ಲೆಕ್ಕದ ಪ್ರಕಾರ ನಡೆಯುತ್ತಿಲ್ಲ. ಸಮಾಧಾನದ ಜೊತೆಗೆ ಅತ್ತೆಯ ಹಟವೂ ಆ ಕಡೆ ಹಾಯುತ್ತಿದೆ. ಸಾರಿನ ಘಮ ಮೂಗಿಗೆ ಬಡಿದಾಗ ಅತ್ತೆ ಒಳಗೊಳಗೇ ಹಸಿವನ್ನು ಅದುಮುತ್ತಾರೆ, ಮುಟ್ಟಬಾರದು ಅಂದುಕೊಳ್ಳುತ್ತಾರೆ. ಮರಿ ಅದನ್ನು ಪಾಲಿಸುತ್ತಿದೆ. ಎದುರಿಗೆ ಇಲಿ ಬಂದಾಗಲೆಲ್ಲ ಮರಿಗೂ ಅದೇ ಅನ್ನಿಸುತ್ತಿದೆ, ಮುಟ್ಟಬಾರದು.

ಅತ್ತೆಯ ಕೈಯಿಂದ ಪಾತ್ರೆ ಜಾರಿತು. "ಹಂಗಾದ್ರೆ ಅದನ್ನ ನಾನೇ ಕೊಲ್ತಾ ಇದೀನಾ?"

"ಪಟ್ಟಿ ಬಿಚ್ಚಿಬಿಡಮ್ಮ," ಅಂದ ಪಾಲಾಕ್ಷ.

"ಬಿಚ್ಚೋ ಹಾಗಿಲ್ಲ," ಅಂದೆ. ಹಿಂದೊಮ್ಮೆ ಅತ್ತೆ ಸ್ನಾನಕ್ಕೆ ಬಿಚ್ಚಿಟ್ಟಿದ್ದರು. ಆಗ ಮರಿ ಗಾಜಿಗೆ ಮೂತಿ ಬಡಿದುಕೊಂಡು ರಕ್ತ ಸುರಿಸಿತ್ತು. ಮೊಟ್ಟೆ ಒಡೆದು ಬಂದ ಗಳಿಗೆಯಿಂದ ಅದಕ್ಕೆ ಇವರು ಜೊತೆಗಿದ್ದರು. ಇವರಿಲ್ಲದ ಲೋಕ ಅದಕ್ಕೆ ಗೊತ್ತಿರಲಿಲ್ಲ. "ಅತ್ತೆ, ನೀವು ಊಟ ಮಾಡಬೇಕು. ಮರಿಯ ಎದುರಿಗೆ ಕೂತು, ಪಟ್ಟಿ ಕಟ್ಟಿಕೊಂಡೇ."

"ಹರಕೆ ಮುರಿದ್ರೆ ಕೇಡು ಯಾರಿಗೆ ತಟ್ತದೆ? ಅದ್ರ ಹೆಸರಲ್ಲಿ ಕಟ್ಟಿದ್ದು, ಅದಕ್ಕೇ ತಟ್ತದೆ."

ನಾನು ರೇಗಿದೆ, ಕೈಮುಗಿದೆ. ಅವರು ಕಲ್ಲಿನ ಹಾಗೆ ಕೂತರು. ಕೊನೆಗೆ ದಾರಿ ತೋರಿಸಿದ್ದು ಪಾಲಾಕ್ಷ.

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹುತ್ತಕ್ಕೆ ತಂಬಿಟ್ಟು ಎಡೆ ಇಟ್ಟು ಅದನ್ನ ತಿನ್ನಮ್ಮ. ಪ್ರಸಾದ ಊಟ ಆಗುತ್ತಾ?"

ಅತ್ತೆ ಎದ್ದು ಜಾರಿಬಿದ್ದ ಪಾತ್ರೆ ಎತ್ತಿಟ್ಟರು. "ಪ್ರಸಾದ ಊಟ ಅಲ್ಲ," ಅಂದರು.

ಮರುದಿನ ಮಧ್ಯಾಹ್ನ ಅತ್ತೆ ಕೇಂದ್ರಕ್ಕೆ ಬಂದರು. ಒಂದು ಕೈಯಲ್ಲಿ ಹುತ್ತಕ್ಕೆ ಎಡೆಯಿಟ್ಟ ತಂಬಿಟ್ಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಬುತ್ತಿ. ತಾವು ಉಪವಾಸವಿದ್ದು, ನಾಳೆ ಏನಾಗುತ್ತದೋ ಅಂತ ರಾತ್ರಿಯೆಲ್ಲ ಹೊರಳಾಡಿದರೂ ಸೊಸೆಗೆ ಮುದ್ದೆ ಕಟ್ಟುವುದನ್ನು ಬಿಟ್ಟಿರಲಿಲ್ಲ.

ಜುಬೇದಾ ಮೇಡಂ ನನ್ನ ವಿವರಣೆಯನ್ನೆಲ್ಲ ಕೇಳಿ, "ಒಂದು ಸಲ ನೋಡಿ. ಆಮೇಲೆ ನಾನು ಕಾಯಲ್ಲ," ಅಂದರು. ಅವರ ಪಕ್ಕದ ತಟ್ಟೆಯಲ್ಲಿ ನಳಿಕೆ ಸಿದ್ಧವಾಗಿತ್ತು. ಅದನ್ನು ಬಳಸುವುದು ಅವರಿಗೂ ಇಷ್ಟವಿರಲಿಲ್ಲ, ಅದಕ್ಕೇ ಅದನ್ನು ಬಟ್ಟೆಯಿಂದ ಮುಚ್ಚಿದ್ದರು.

ಅತ್ತೆ ಗಾಜಿನ ಪೆಟ್ಟಿಗೆಯ ಮುಂದೆ ಕೂತು, ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಮರಿ ಹೆಂಚಿನಡಿಯಿಂದ ಹೊರಬಂದು ಅವರ ಕಡೆಗೇ ಹರಿಯಿತು. ನಾನು ಚಿಮಟದಲ್ಲಿ ಬೆಚ್ಚಗಿನ ಇಲಿಮರಿ ಹಿಡಿದೆ.

ಅತ್ತೆ ತಂಬಿಟ್ಟು ಬಾಯಿಗೆ ಹಾಕಿಕೊಂಡರು. ಪರದೆಯ ಮೇಲೆ ಅಷ್ಟು ದಿನದ ಅದುಮು ಸಡಿಲವಾಯಿತು. ಹಸಿರು ಗೆರೆ ಮೇಲಕ್ಕೆ ಚಿಮ್ಮಿತು. ಮರಿ ಕತ್ತು ಹಿಂದೆ ಮಡಿಸಿ ಇಲಿಯ ಮೇಲೆ ಎರಗಿತು. ಹಿಡಿಯಿತು.

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮರಿಯ ದವಡೆ ಮೇಲೆ ಕೆಳಗೆ ಆಡತೊಡಗಿತು. ಕಚ್ಚಿತು, ಬಿಟ್ಟಿತು, ಮತ್ತೆ ಕಚ್ಚಿತು. ಹಾವು ಹಾಗೆ ಮಾಡುವುದಿಲ್ಲ. ಇಲಿಮರಿ ಅದರ ಬಾಯಿಂದ ಜಾರಿ ಮರಳಿನ ಮೇಲೆ ಬಿತ್ತು. ಮರಿ ಸುಸ್ತಾಗಿ ತಲೆ ಕೆಳಗಿಟ್ಟಿತು.

"ಯಾಕೆ ಬಿಟ್ತು?" ಅತ್ತೆಯ ಬಾಯಲ್ಲಿ ತಂಬಿಟ್ಟು ಇನ್ನೂ ಕರಗಿರಲಿಲ್ಲ, ದವಡೆ ಆಡುತ್ತಲೇ ಇತ್ತು.

ಮೇಡಂ ಎದ್ದು ಬಟ್ಟೆ ಸರಿಸಿದರು. "ಇನ್ನು ಸಾಕು ಚಂದ್ರಕಲಾ. ಅದಕ್ಕೆ ಇದ್ದ ಶಕ್ತಿಯೆಲ್ಲ ಈಗ ಖರ್ಚಾಯಿತು."

ನಾನು ಅತ್ತೆಯ ದವಡೆಯನ್ನೇ ನೋಡುತ್ತಿದ್ದೆ.

"ನೀವು ಅಗಿದ್ರಿ, ಅದಕ್ಕೇ ಅದೂ ಅಗಿಯಿತು," ಅಂದೆ. "ಅದಕ್ಕೆ ಅಗಿಯೋ ಹಲ್ಲಿಲ್ಲ ಅತ್ತೆ. ಅದು ನುಂಗಬೇಕು."

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಬುತ್ತಿಯ ಕಡೆ ನೋಡಿದರು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಆದರೆ ಮುದ್ದೆ ಪ್ರಸಾದವಲ್ಲ. ಮುದ್ದೆ ಊಟ. ಅದನ್ನು ಮುಟ್ಟಿದರೆ ಹರಕೆ ಮುರಿದ ಹಾಗೆಯೇ.

ಅತ್ತೆ ಬಳೆ ಸರಿಸಿ, ಅರಿಶಿನದ ದಾರವನ್ನು ಹಲ್ಲಿನಿಂದ ಕಡಿದರು. ಕೊಂಬನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟರು.

"ಕೇಡು ಬರೋದಾದ್ರೆ ನಂಗೆ ಬರ್ಲಿ ನಾಗಪ್ಪ. ಇದು ಕೂಸು, ಇದಕ್ಕೇನು ಗೊತ್ತು," ಅಂದು, "ಹಾಕು ಕಲಾ," ಅಂದರು.

ನಾನು ಮುಚ್ಚಳದಲ್ಲಿ ಒಂದು ಮುದ್ದೆ ಇಟ್ಟು ಸಾರು ಸುರಿದೆ. ಇಲಿಮರಿಯನ್ನು ಮತ್ತೆ ಬಿಸಿನೀರಿಗೆ ಅದ್ದಿ ಹಿಡಿದೆ. ಅತ್ತೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರು. ಹಲ್ಲಿಗೆ ತೋರಿಸಲಿಲ್ಲ. ಗಂಟಲು ಒಮ್ಮೆ ಏರಿ ಇಳಿಯಿತು.

ಮರಿ ತಲೆ ಎತ್ತಿತು. ಎರಗಿತು. ಈ ಸಲ ಇಲಿಯ ತಲೆಯನ್ನೇ ಹಿಡಿಯಿತು. ಕೆಳದವಡೆ ಎರಡು ಬದಿಗೂ ಅಗಲಿಸಿ, ಒಂದು ಬದಿ ಮುಂದೆ, ಇನ್ನೊಂದು ಬದಿ ಮುಂದೆ, ಇಲಿಯ ಮೇಲೆ ತನ್ನ ಬಾಯನ್ನು ನಡೆಸಿಕೊಂಡು ಹೊರಟಿತು.

ಆಗ ಅತ್ತೆಯ ಮುಖ ಬಿಳಿಚಿಕೊಂಡಿತು.

ಅವರ ಕಣ್ಣು ದೊಡ್ಡದಾಯಿತು. ಕೈ ಬಾಯಿಗೆ ಹೋಯಿತು. ಏನಾಗುತ್ತಿದೆ ಅಂತ ನನಗೆ ಅರ್ಥವಾಯಿತು. ಹಸಿವು ಮಾತ್ರ ಈ ಕಡೆ ಹಾಯಬೇಕು ಅಂತ ನಾವು ಕಟ್ಟಿದ ಲೆಕ್ಕವೂ ಸುಳ್ಳಾಗಿತ್ತು. ರುಚಿ ಹಾಯುತ್ತಿತ್ತು. ಹುಟ್ಟಿದಾಗಿನಿಂದ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಮ್ಮ ಅತ್ತೆಯ ಬಾಯೊಳಗೆ ಈಗ ಹಸಿ ಇಲಿ ಇತ್ತು.

ಅವರ ಕತ್ತಿನ ನರ ಉಬ್ಬಿದವು. ಹೊಟ್ಟೆ ಒಳಕ್ಕೆ ಎಳೆದುಕೊಂಡಿತು. ಪೆಟ್ಟಿಗೆಯೊಳಗೆ ಮರಿಯ ಮೈಯೂ ಸೆಟೆಯಿತು. ಅರ್ಧ ಒಳಗೆ ಹೋಗಿದ್ದ ಇಲಿ ಹಿಂದಕ್ಕೆ ಜಾರಿತು. ಇವರು ಓಕರಿಸಿದರೆ ಅದೂ ಕಕ್ಕುತ್ತದೆ. ಹೀಗೆ ಸೊರಗಿದ ಮರಿ ಒಮ್ಮೆ ಕಕ್ಕಿದರೆ ಮುಗಿಯಿತು.

"ಪಟ್ಟಿ ತೆಗೀರಿ," ಅಂದರು ಮೇಡಂ. "ಅವರಿಗೆ ತಡೆಯೋಕಾಗ್ತಿಲ್ಲ."

ನಾನು ಕೈ ಚಾಚಿದೆ. ಅತ್ತೆ ನನ್ನ ಕೈಯನ್ನು ಬಲವಾಗಿ ತಳ್ಳಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇನ್ನೊಂದು ತುತ್ತು ಮುರಿದರು, ಬಾಯಿಗಿಟ್ಟರು. ನುಂಗಲಾಗಲಿಲ್ಲ. ತುಟಿ ಬಿಗಿಹಿಡಿದು ಮರಿಯನ್ನೇ ದಿಟ್ಟಿಸಿದರು. ಆಮೇಲೆ ಅವರ ಮುಖ ಬದಲಾಯಿತು. ಓಣಿಯಲ್ಲಿ ಜಗಳಕ್ಕೆ ನಿಂತಾಗ ಬರುವ ಮುಖ ಅದು. ನುಂಗಿದರು.

ಮರಿಯ ಗಂಟಲು ಅಲೆಯಾಡಿತು. ಇಲಿ ಒಳಗೆ ಸರಿಯಿತು.

ಇನ್ನೊಂದು ತುತ್ತು. ಇಲಿಯ ಸೊಂಟ ಮರೆಯಾಯಿತು. ಮತ್ತೊಂದು. ಹಿಂಗಾಲು ಮರೆಯಾದವು. ಸಣ್ಣ ಬಾಲ ಮಾತ್ರ ಹೊರಗುಳಿದಿತ್ತು. ಅತ್ತೆ ಮುಚ್ಚಳದಲ್ಲಿದ್ದ ಕೊನೆಯ ತುತ್ತನ್ನು ಎತ್ತಿ ನುಂಗಿದರು, ಬಾಲವೂ ಹೋಯಿತು. ಮರಿ ಬಾಯಿ ಅಗಲಿಸಿ ಒಮ್ಮೆ ಆಕಳಿಸಿ ದವಡೆ ಸರಿಮಾಡಿಕೊಂಡಿತು. ಕತ್ತಿನ ಉಬ್ಬು ನಿಧಾನವಾಗಿ ಮೈಯ ನಡುವಿಗೆ ಇಳಿಯಿತು. ಅಲ್ಲಿಯವರೆಗೆ ಅತ್ತೆ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು, ಉಸಿರು ಬಿಡಲೂ ಹೆದರಿ ಕೂತಿದ್ದರು.

ಮೇಡಂ ನಳಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದರು. ಹೋಗುವಾಗ ಅತ್ತೆಯ ಹೆಗಲ ಮೇಲೆ ಒಮ್ಮೆ ಕೈಯಿಟ್ಟರು.

ಪರದೆಯ ಮೇಲಿನ ಹಸಿರು ಗೆರೆ ನೆಲ ಮುಟ್ಟಿತ್ತು. ಮರಿ ಸುರುಳಿ ಸುತ್ತಿಕೊಂಡು ಹೆಂಚಿನ ಕೆಳಗೆ ಮಲಗಿತು. ನಾನು ಒಂದು ಲೋಟ ನೀರು ಕೊಟ್ಟೆ. ಅತ್ತೆ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು.

"ಕ್ಷಮಿಸಿ ಅತ್ತೆ. ರುಚಿ ಬರುತ್ತೆ ಅಂತ ನಂಗೆ ಗೊತ್ತಿರಲಿಲ್ಲ."

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಹೊಟ್ಟೆಯಿಂದ ಎಲ್ಲಾ ಮೇಲೆ ಬಂದಿತ್ತು ಕಣಮ್ಮ. ಉಗಿದೇಬಿಡ್ತಿದ್ದೆ," ಅಂದರು. "ಆಗ ನಿಮ್ಮ ಮಾವ ನೆಪ್ಪಾದರು. ಅವರನ್ನ ತಿಂದ ಜಾತಿ ನನ್ನ ಬಾಯಿಗೇ ಬಂದೈತೆ, ಬಿಡ್ತೀನಾ ಅಂತ ನುಂಗ್ದೆ."

ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅತ್ತೆ ಬುತ್ತಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಒಳಗೆ ಇಣುಕಿದರು. ಇನ್ನೊಂದು ಮುದ್ದೆ ಹಾಗೇ ಇತ್ತು.

"ಆಗ ನುಂಗಿದ್ದು ಅದರ ಊಟ ಆಯ್ತು," ಅಂದರು. "ಮರಿ ತುತ್ತು ಮುಟ್ಟಿದ ಮ್ಯಾಲೆ ಹರಕೆ ತೀರ್ತು. ಈಗ ನಂಗೆ ಹಾಕು."

ನಾನು ಬಡಿಸಿದೆ, ಅವರು ಉಣ್ಣುವುದನ್ನು ನೋಡುತ್ತಾ ಕೂತೆ.